ಸೀ ಫ್ಯೂರಿ: ತಡವಾಗಿ ಬಂದರೂ ದುಡಿದ ಯುದ್ಧವಿಮಾನ

ಎರಡನೇ ಮಹಾಯುದ್ಧ ಎಂದೊಡನೆ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ಹೆಸರು ಹೇಳುವ ಮಕ್ಕಳು ನಮ್ಮ ಶಾಲೆಗಳಲ್ಲಿದ್ದಾರೆ. ಆದರೆ ಬ್ರಿಟಿಷ್ ನೌಕಾಪಡೆಯ ಕೊನೆಯ ಪ್ರೊಪೆಲ್ಲರ್ ಯುದ್ಧವಿಮಾನ ಯಾವುದು ಎಂದು ಕೇಳಿದರೆ ಉತ್ತರಿಸುವವರು ಕಡಿಮೆ. ಅದೇ ಹಾಕರ್ ಕಂಪನಿಯ 'ಸೀ ಫ್ಯೂರಿ'. ಕಡಲಿನ ಕೋಪ ಎಂದು ಈ ಹೆಸರಿನ ಅರ್ಥ.

ಇದರ ವಿನ್ಯಾಸಕ ಸಿಡ್ನಿ ಕ್ಯಾಮ್. ಹರಿಕೇನ್ ವಿಮಾನವನ್ನು ರೂಪಿಸಿದವರೂ ಇವರೇ. 1942ರ ಜೂನ್‌ನಲ್ಲಿ ಜರ್ಮನಿಯ ಪೈಲಟ್ ಒಬ್ಬ ದಾರಿ ತಪ್ಪಿ ತನ್ನ ಫೋಕೆ-ವುಲ್ಫ್ 190 ವಿಮಾನವನ್ನು ವೇಲ್ಸ್‌ನ ಪೆಂಬ್ರೆ ಎಂಬಲ್ಲಿ ಇಳಿಸಿಬಿಟ್ಟ! ಶತ್ರುವಿನ ಆ ಚಿಕ್ಕ, ಚುರುಕು ವಿಮಾನವನ್ನು ಬ್ರಿಟಿಷರು ಕೂಲಂಕಷವಾಗಿ ಪರೀಕ್ಷಿಸಿದರು. ಅದರಿಂದ ಕಲಿತದ್ದು ಹೊಸ ವಿಮಾನದ ವಿನ್ಯಾಸಕ್ಕೆ ನೆರವಾಯಿತು. ಫ್ಯೂರಿಯ ಮಾದರಿ 1944ರ ಸೆಪ್ಟೆಂಬರ್‌ನಲ್ಲಿ ಹಾರಿತು. ನೌಕಾಪಡೆಯ ಮಾದರಿ 1945ರ ಫೆಬ್ರವರಿಯಲ್ಲಿ.

ಅಷ್ಟರಲ್ಲಿ ಯುದ್ಧವೇ ಮುಗಿಯಿತು. ಜೆಟ್ ವಿಮಾನಗಳೂ ಬಂದಿದ್ದವು. ಹೀಗಾಗಿ ಬ್ರಿಟಿಷ್ ವಾಯುಪಡೆ ತನ್ನ ಬೇಡಿಕೆಯನ್ನು ರದ್ದು ಮಾಡಿತು. ನೌಕಾಪಡೆ ಮಾತ್ರ ಕೈಬಿಡಲಿಲ್ಲ. ಏಕೆಂದರೆ ಆಗಿನ ಜೆಟ್‌ಗಳು ಇಂಧನ ಬಹಳ ಕುಡಿಯುತ್ತಿದ್ದವು. ಇಳಿಯುವ ಹೊತ್ತಿನಲ್ಲಿ ಬೇಕೆಂದಾಗ ತಕ್ಷಣ ವೇಗ ಕೊಡುತ್ತಿರಲಿಲ್ಲ. ವಿಮಾನವಾಹಕ ನೌಕೆಯ ಗಿಡ್ಡ ಅಟ್ಟದ ಮೇಲೆ ಇದು ಪ್ರಾಣಕ್ಕೇ ಅಪಾಯ. ಆದ್ದರಿಂದ 1947ರಲ್ಲಿ ಸೀ ಫ್ಯೂರಿ ಸೇವೆಗೆ ಸೇರಿತು. 18 ಸಿಲಿಂಡರ್‌ಗಳ ಬ್ರಿಸ್ಟಲ್ ಸೆಂಟಾರಸ್ ಎಂಜಿನ್, ಗಂಟೆಗೆ ಸುಮಾರು 740 ಕಿ.ಮೀ. ವೇಗ, 20 ಮಿ.ಮೀ.ನ ನಾಲ್ಕು ಫಿರಂಗಿಗಳು, ನೌಕೆಯಲ್ಲಿ ಜಾಗ ಉಳಿಸಲು ಮಡಚುವ ರೆಕ್ಕೆಗಳು ಇದಕ್ಕಿದ್ದವು.

1950ರಲ್ಲಿ ಕೊರಿಯಾ ಯುದ್ಧ ಶುರುವಾಯಿತು. ಸೀ ಫ್ಯೂರಿಯ ಬಗ್ಗೆ ಬರೆದವರೆಲ್ಲ ಹೇಳುವುದು ಆ ಯುದ್ಧದ ಒಂದೇ ದಿನದ ಕಥೆಯನ್ನು. 1952ರ ಆಗಸ್ಟ್ 9ರಂದು 'ಓಷನ್' ನೌಕೆಯಿಂದ ಹೊರಟ ನಾಲ್ಕು ಸೀ ಫ್ಯೂರಿಗಳ ಮೇಲೆ ಮಿಗ್-15 ಜೆಟ್‌ಗಳು ಎರಗಿದವು. ಮಿಗ್‌ನ ವೇಗ ಗಂಟೆಗೆ ಸಾವಿರ ಕಿ.ಮೀ.ಗೂ ಹೆಚ್ಚು. ಆದರೂ ಒಂದು ಮಿಗ್ ನೆಲಕ್ಕುರುಳಿತು! ಆ ಗೆಲುವು ತಂಡದ ನಾಯಕ ಪೀಟರ್ ಕಾರ್ಮೈಕಲ್ ಹೆಸರಿನಲ್ಲಿ ದಾಖಲಾಯಿತು. ಅದನ್ನು ನಿಜವಾಗಿ ಹೊಡೆದವರು ಯಾರು ಎಂಬ ಚರ್ಚೆ ಮುಂದೆ ಎದ್ದಿತು.

ಆದರೆ ಆ ಕಾದಾಟ ನಡೆದದ್ದು ಕೆಲವೇ ನಿಮಿಷ. ಉಳಿದ ದಿನಗಳಲ್ಲಿ ಸೀ ಫ್ಯೂರಿಗಳು ಮಾಡಿದ್ದೇನು? ಸೇತುವೆ, ರೈಲು ಹಳಿ, ಸರಕು ಸಾಗಣೆಯ ದಾರಿಗಳ ಮೇಲೆ ದಾಳಿ. ತಗ್ಗಿನಲ್ಲಿ ಹಾರಬೇಕು, ನೆಲದಿಂದ ಬರುವ ಗುಂಡಿಗೆ ಎದೆಯೊಡ್ಡಬೇಕು. ಆಸ್ಟ್ರೇಲಿಯಾದ 'ಸಿಡ್ನಿ' ನೌಕೆ 1951ರ ಅಕ್ಟೋಬರ್‌ನಿಂದ 1952ರ ಜನವರಿವರೆಗೆ ಅಲ್ಲಿತ್ತು. ಆ ನಾಲ್ಕು ತಿಂಗಳಲ್ಲಿ ಅದರ ಮೂವರು ಪೈಲಟ್‌ಗಳು ಮರಳಲಿಲ್ಲ. ಮೂವರೂ ಸೀ ಫ್ಯೂರಿ ಹಾರಿಸುತ್ತಿದ್ದವರು. ಮಿಗ್ ಕಥೆ ಗೊತ್ತಿರುವ ಎಷ್ಟೋ ಜನರಿಗೆ ಇವರ ಹೆಸರು ಗೊತ್ತಿಲ್ಲ. ಆ ಸೇತುವೆಗಳ ಆಚೀಚೆ ಬದುಕುತ್ತಿದ್ದ ಕೊರಿಯಾದ ಜನರ ಪಾಡಂತೂ ಈ ವಿಮಾನದ ಕಥೆಯಲ್ಲಿ ಬರುವುದೇ ಇಲ್ಲ.

ಕೆನಡಾ, ನೆದರ್ಲೆಂಡ್ಸ್, ಪಾಕಿಸ್ತಾನ, ಇರಾಕ್, ಬರ್ಮಾ ದೇಶಗಳೂ ಫ್ಯೂರಿ, ಸೀ ಫ್ಯೂರಿಗಳನ್ನು ಬಳಸಿದವು. ಕ್ಯೂಬಾದ ಬಟಿಸ್ಟಾ ಸರ್ಕಾರ 1958ರಲ್ಲಿ ಕೊಂಡ ವಿಮಾನಗಳು ಮರುವರ್ಷ ಕ್ಯಾಸ್ಟ್ರೋ ಕೈಸೇರಿದವು. 1961ರ ಏಪ್ರಿಲ್‌ನಲ್ಲಿ ಬೇ ಆಫ್ ಪಿಗ್ಸ್ ದಾಳಿ ನಡೆದಾಗ ದಾಳಿಕೋರರ ಹಡಗನ್ನು ಮುಳುಗಿಸಿದ್ದೂ ಸೀ ಫ್ಯೂರಿಯೇ. ಕೊಂಡವರೊಬ್ಬರು, ಬಳಸಿದವರೊಬ್ಬರು!

ಬ್ರಿಟಿಷ್ ನೌಕಾಪಡೆಯಲ್ಲಿ ಸೀ ಫ್ಯೂರಿಯ ಜಾಗಕ್ಕೆ ಬಂದ ಜೆಟ್‌ಗಳಲ್ಲಿ ಮುಖ್ಯವಾದದ್ದು ಅದೇ ಹಾಕರ್ ಕಂಪನಿಯ 'ಸೀ ಹಾಕ್'. ನಮ್ಮ 'ವಿಕ್ರಾಂತ್' 1961ರಲ್ಲಿ ಸೇವೆಗೆ ಬಂದಾಗ ಅದರ ಯುದ್ಧವಿಮಾನವೂ ಸೀ ಹಾಕ್ ಆಗಿತ್ತು. ಕೊರಿಯಾಕ್ಕೆ ಹೋಗಿದ್ದ ಸಿಡ್ನಿ ಹಾಗೂ ನಮ್ಮ ವಿಕ್ರಾಂತ್ ಒಂದೇ ವರ್ಗದ ನೌಕೆಗಳು. ಗೋವಾದ ಕನ್ನಡ ಶಾಲೆಗಳ ಮಕ್ಕಳಿಗೆ ವಾಸ್ಕೋ ಹತ್ತಿರದ ನೌಕಾ ವಿಮಾನ ವಸ್ತುಸಂಗ್ರಹಾಲಯದಲ್ಲಿ ಸೀ ಹಾಕ್ ನೋಡಲು ಸಿಗುತ್ತದೆ. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ವೇಗ, ಫಿರಂಗಿಗಳ ಲೆಕ್ಕದ ಜೊತೆಗೆ ಮರಳಿ ಬಾರದ ಆ ಮೂವರ ಮಾತನ್ನೂ ಹೇಳಲಿ. ಗೆದ್ದ ಒಂದು ದಿನವನ್ನಷ್ಟೇ ಕಲಿಸಿದರೆ ಅದು ಇತಿಹಾಸ ಆದೀತೇ?