ಪದ ಪರಿಚಯ: ಅವರೆ

ಅವರೆ – ಉಪ್ಪುನೀರಿನಲ್ಲಿ ಬೇಯಿಸಿದ ಎಳೆಯ ಸೋಯಾಕಾಯಿಯನ್ನು ಆರೋಗ್ಯಕರವಾದ ಜಪಾನೀ ತಿನಿಸೆಂದು ನಗರಗಳ ಭೋಜನಶಾಲೆಗಳು ‘ಎಡಮಾಮೆ’ ಎಂಬ ಹೆಸರಿನಿಂದ ಬಡಿಸುತ್ತಿರುವ ಈ ಕಾಲದಲ್ಲಿ, ಆ ಹೆಸರಿಗೆ ‘ಕೊಂಬೆಯ ಕಾಳು’ ಎಂದಷ್ಟೇ ಅರ್ಥವೆಂಬುದನ್ನೂ, ಆ ಕಾಳಿಗೆ ಕನ್ನಡದಲ್ಲಿ ‘ಸೋಯಾ ಅವರೆ’ ಎಂಬ ಹೆಸರು ಆಗಲೇ ಇರುವುದನ್ನೂ ನೆನೆಯುವುದು ಉಚಿತ.

ಅವರೆಯು ಸಂಸ್ಕೃತದಿಂದ ಬಂದುದಲ್ಲ. ಅಲ್ಲಿ ಇದಕ್ಕೆ ‘ನಿಷ್ಪಾವ’ವೆಂಬ ಬೇರೆಯೇ ಹೆಸರುಂಟು. ತಮಿಳಿನ ‘ಅವರೈ’, ಮಲಯಾಳದ ‘ಅವರ’, ತುಳುವಿನ ‘ಅಬರೆ’ಗಳಿಗೆ ಸೋದರಿಯಾದ ಅಚ್ಚ ದ್ರಾವಿಡ ಶಬ್ದವಿದು. ಮಾರ್ಗಶಿರ ಪುಷ್ಯಗಳಲ್ಲಿ ಅರಸೀಕೆರೆ, ಬೇಲೂರುಗಳ ಸಂತೆಗೆ ಬರುವ ಸೊಗಡಿನ ಕಾಯಿಯನ್ನು ಸಿಪ್ಪೆಸಹಿತವಾಗಿ ಉಪ್ಪು ಹಾಕಿ ಬೇಯಿಸಿ, ಸುಲಿದು ತಿನ್ನುವ ನಮ್ಮವರ ಕ್ರಮವು ಜಪಾನೀಯರ ಕ್ರಮಕ್ಕೆ ಅತ್ಯಂತ ಸಮೀಪವಾದುದು. ನೆನೆಸಿ, ಹಿದುಕಿ, ಒಳಸಿಪ್ಪೆ ತೆಗೆದ ಕಾಳಿಗೆ ‘ಹಿದುಕಿದವರೆ’ ಎಂಬ ಸೊಗಸಾದ ಹೆಸರು ಬೇರೆ.

ಬೆಂದ ಕಾಳೆಂದರೆ ನೆನಪಾಗುವುದು ಬೆಂಗಳೂರಿನ ಹೆಸರು. ಹಳೇಬೀಡಿನಿಂದಾಳಿದ ಹೊಯ್ಸಳ ದೊರೆ ವೀರಬಲ್ಲಾಳನಿಗೆ ವೃದ್ಧೆಯೊಬ್ಬಳು ಬೆಂದ ಕಾಳನ್ನಿತ್ತುದರಿಂದ ‘ಬೆಂದಕಾಳೂರು’ ಬೆಂಗಳೂರಾಯಿತೆಂಬ ಐತಿಹ್ಯವು ಮನೋಹರವಾದರೂ, ಹೊಯ್ಸಳರಿಗಿಂತ ಹಿಂದಿನ, ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲಿನಲ್ಲಿಯೇ ‘ಬೆಂಗಳೂರು’ ಎಂದಿರುವುದರಿಂದ ಅದು ನಿಲ್ಲಲಾರದು.

ಭಕ್ಷ್ಯಪಟ್ಟಿಗಳನ್ನು ಕನ್ನಡದಲ್ಲಿ ಬರೆಯುವವರು ಎಡಮಾಮೆಯನ್ನು ‘ಎಳೆ ಸೋಯಾ ಅವರೆ’ ಎಂದೇ ಬರೆಯಲಿ.