ಕಾವಲು ಹೇಗೆ ಖರಾಬು ಆಯ್ತು? ಹಾಸನದ ಹುಲ್ಲಿನ ಚರಿತ್ರೆ

ಕೇಳೋಕೆ ಪುರುಸೊತ್ತಿಲ್ಲದವರಿಗೆ ಈ ಸಂಚಿಕೆಯ ಪೂರ್ತಿ ಬರಹ ಇಲ್ಲಿದೆ. ಇವತ್ತು ಒಂದು ಪಹಣಿಯಿಂದ ಶುರು ಮಾಡ್ತೀನಿ.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ನಮ್ಮೂರು ಚನ್ನರಾಯಪಟ್ಟಣ ತಾಲ್ಲೂಕು. ಊರ ಹಿಂದೆ ಒಂದು ದೊಡ್ಡ ಬಯಲಿದೆ. ಮಳೆ ಬಿದ್ದ ಕೂಡಲೇ ಅಲ್ಲಿ ಸಾವಿರ ಸಸಿ ನೆಡಬೇಕು ಅಂತ ನಾವು ಹುಡುಗರೆಲ್ಲ ಸೇರಿ ವಾಟ್ಸಾಪ್ ಗ್ರೂಪ್ ಮಾಡಿದ್ವಿ. ನಾನೂ ದುಡ್ಡು ಹಾಕಿದ್ದೆ. ಗುಂಡಿ ತೆಗೆಯೋಕೆ ಮುಂಚೆ ಜಾಗದ ದಾಖಲೆ ನೋಡೋಣ ಅಂತ ಮೊಬೈಲಲ್ಲೇ ಪಹಣಿ ತೆಗೆದ್ವಿ. ಅದರಲ್ಲಿ 'ಖರಾಬು' ಅಂತ ಬರೆದಿತ್ತು. ಅಜ್ಜಿಗೆ ಓದಿ ಹೇಳಿದೆ.

"ಖರಾಬು ಯಾಕಾದಾತು ಮಗ? ಅದು ಕಾವಲು ಕಣೋ" ಅಂದ್ಲು ಅಜ್ಜಿ.

ಅಷ್ಟರಲ್ಲಿ ಕುರಿ ಹೊಡ್ಕೊಂಡು ಬಂದ ಪಕ್ಕದ ಮನೆ ಮಾವ ಇನ್ನೊಂದು ಪ್ರಶ್ನೆ ಹಾಕಿದ್ರು: "ನಿಮ್ ಗಿಡ ಬೆಳೆಯೋವರ್ಗೂ ನನ್ ಕುರಿ ಏನ್ ತಿನ್ಬೇಕು?"

ನನ್ನ ಹತ್ರ ಉತ್ತರ ಇರಲಿಲ್ಲ. ಅದನ್ನ ಹುಡುಕ್ತಾ ಹೋಗಿದ್ದೇ ಈ ಸಂಚಿಕೆ.

ಕಲ್ಲಿನಲ್ಲಿರೋ ಸಾಕ್ಷಿ

ಮೊದಲು ನಮ್ಮ ನೆಲ ಎಂಥದ್ದು ಅಂತ ನೋಡೋಣ. ಹಾಸನ ಜಿಲ್ಲೆ ಅಂದ ಕೂಡಲೇ ಎಲ್ಲರ ಕಣ್ಣಮುಂದೆ ಸಕಲೇಶಪುರದ ಕಾಡು, ಕಾಫಿ ತೋಟ ಬರುತ್ತೆ. ಆದರೆ ಪಶ್ಚಿಮದಿಂದ ಪೂರ್ವಕ್ಕೆ ಬಂದ ಹಾಗೆ ಮಳೆ ಬೇಗ ಬೇಗ ಕಡಿಮೆ ಆಗುತ್ತೆ. ಸಕಲೇಶಪುರದಲ್ಲಿ ಬೀಳೋ ಮಳೆಯ ಮೂರನೇ ಒಂದು ಪಾಲಿನಷ್ಟು ಚನ್ನರಾಯಪಟ್ಟಣಕ್ಕೆ ಸಿಕ್ಕರೆ ಹೆಚ್ಚು. ಅರಕಲಗೂಡು ಈ ಎರಡರ ನಡುವಿನ ಸೀಮೆ. ಹಾಸನ, ಹೊಳೆನರಸೀಪುರ ದಾಟಿ ಪೂರ್ವಕ್ಕೆ ಹೋದರೆ ಬಯಲು, ಬಂಡೆಗುಡ್ಡ, ಕೆರೆ. ಇಂಥ ಕಡೆ ನೆಲ ಹಿಡಿದು ನಿಲ್ಲೋದು ಹುಲ್ಲು. ಮಧ್ಯೆ ಮಧ್ಯೆ ತಂಗಡಿ, ಕಾರೆ, ಎಲಚಿ, ಜಾಲಿ.

ಇಲ್ಲಿ ಮೊದಲು ದಟ್ಟ ಕಾಡಿತ್ತು, ಮನುಷ್ಯ ಕಡಿದು ಬೋಳು ಮಾಡಿದ ಅಂತ ನಾನು ಶಾಲೆಯಲ್ಲಿ ನಂಬಿದ್ದೆ. ಕೆಲವು ಕಡೆ ಅದು ನಿಜವೂ ಹೌದು. ಆದರೆ ನಮ್ಮ ಊರುಗಳ ವೀರಗಲ್ಲುಗಳನ್ನ ಒಮ್ಮೆ ನೋಡಿ. ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಹಿಡಿದ ವೀರ, ಎಷ್ಟೋ ಕಲ್ಲುಗಳಲ್ಲಿ ಅವನ ಹಿಂದೆ ಸಾಲುಗಟ್ಟಿ ನಿಂತ ದನ. ಇವು ತುರುಗೊಳ್ ಕಲ್ಲುಗಳು. ತುರು ಅಂದ್ರೆ ದನ, ತುರುಗೊಳ್ ಅಂದ್ರೆ ದನ ಹೊಡ್ಕೊಂಡು ಹೋಗೋ ದಾಳಿ. ಆ ದಾಳಿ ತಡೆಯೋಕೆ ಹೋಗಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಬಿ.ಎಲ್. ರೈಸ್ 1902ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕ'ದ ಐದನೇ ಸಂಪುಟ ಪೂರ್ತಿ ಹಾಸನ ಜಿಲ್ಲೆಯ ಶಾಸನಗಳದ್ದೇ. ದನಕ್ಕಾಗಿ ಪ್ರಾಣ ಕೊಡೋ ಸಮಾಜದಲ್ಲಿ ದನ ಮೇಯೋ ನೆಲಕ್ಕೆ ಎಷ್ಟು ಬೆಲೆ ಇದ್ದಿರಬೇಕು ಯೋಚನೆ ಮಾಡಿ.

ಕಾವಲು ಅಂದ್ರೆ ಕಾದ ನೆಲ

ಈಗ ಅಜ್ಜಿಯ ಮಾತಿಗೆ ಬರೋಣ. ಮೈಸೂರಿನ ಚಿಕ್ಕದೇವರಾಜ ಒಡೆಯರ್ 1673ರಿಂದ 1704ರವರೆಗೆ ಆಳಿದರು. ಅರಮನೆಗೆ ಹಾಲು ಬೆಣ್ಣೆ ಒದಗಿಸೋಕೆ ಅವರ ಕಾಲದಲ್ಲಿ 'ಬೆಣ್ಣೆ ಚಾವಡಿ' ಅನ್ನೋ ಇಲಾಖೆ ಇತ್ತು. ಅದರ ದನ ಮೇಯೋಕೆ ಅಂತ ರಾಜ್ಯದ ತುಂಬ ಹುಲ್ಲಿನ ಬಯಲುಗಳನ್ನ ಕಾಯ್ದಿಟ್ಟರು. ಅವೇ ಕಾವಲುಗಳು. ಹೈದರಾಲಿ, ಟಿಪ್ಪು ಕಾಲಕ್ಕೆ ಅದೇ ದನಗಳು ಸೈನ್ಯದ ಬೆನ್ನೆಲುಬಾದವು. ಫಿರಂಗಿ ಎಳೆಯೋದು, ಸಾಮಾನು ಹೊರೋದು ಇವೇ. ಟಿಪ್ಪು ಇಲಾಖೆಗೆ 'ಅಮೃತಮಹಲ್' ಅಂತ ಹೆಸರಿಟ್ಟ. ಆ ತಳಿಗೆ ಇವತ್ತಿಗೂ ಅದೇ ಹೆಸರು.

ಇಲ್ಲಿ ಒಂದು ಜಾಣತನ ಇತ್ತು. ಕಾವಲುಗಳಲ್ಲಿ ಮೂರು ಬಗೆ: ಬೇಸಿಗೆಯವು, ಮಳೆಗಾಲದವು, ಚಳಿಗಾಲದವು. ನೀರು, ನೆರಳು ಇರೋ ಕೆರೆಯಂಗಳದ ಜಾಗ ಬೇಸಿಗೆಗೆ. ಮಳೆ ಬಂದಾಗ ಚಿಗುರೋ ಬಯಲು ಮಳೆಗಾಲಕ್ಕೆ. ದನ ಒಂದು ಕಡೆ ಮೇಯ್ತಿದ್ದಾಗ ಇನ್ನೊಂದು ಕಡೆ ಹುಲ್ಲು ಬೀಜ ಕಟ್ಟಿ ಉದುರಿಸೋಕೆ ಸಮಯ ಸಿಗ್ತಿತ್ತು. ಇವತ್ತು ಪರಿಸರ ವಿಜ್ಞಾನಿಗಳು ಹುಲ್ಲುಗಾವಲು ಉಳಿಸೋಕೆ ಹೇಳೋದೂ ಇದನ್ನೇ: ಮೇಯಿಸಿ, ಆಮೇಲೆ ಬಿಡುವು ಕೊಡಿ.

ಹಾಗಂತ ಅದು ರಾಮರಾಜ್ಯ ಅಂತ ತಿಳ್ಕೋಬೇಡಿ. ಕಾವಲು ಸರ್ಕಾರದ ಸ್ವತ್ತು. ಅಪ್ಪಣೆ ಇಲ್ಲದೆ ಊರಿನ ದನ ಒಳಗೆ ಹೋಗೋ ಹಾಗಿರಲಿಲ್ಲ.

1799ರಲ್ಲಿ ಟಿಪ್ಪು ಸತ್ತ ಮೇಲೆ ದನಗಳು ಬ್ರಿಟಿಷರ ಕೈಗೆ ಹೋದವು. 1860ರಲ್ಲಿ ಖರ್ಚು ಉಳಿಸೋಕೆ ಅಂತ ಅವರು ಮಂದೆಗಳನ್ನ ಮಾರಿಬಿಟ್ಟರು. ಕೆಲವೇ ವರ್ಷಕ್ಕೆ ಒಳ್ಳೆ ಎತ್ತು ಸಿಗದೆ ತಪ್ಪು ಗೊತ್ತಾಯ್ತು. 1866ರಲ್ಲಿ ಮತ್ತೆ ಮಂದೆ ಕಟ್ಟಬೇಕಾಯ್ತು. ದನವನ್ನ ಹಾಗೆ ವಾಪಸ್ ತರಬಹುದು. ನೆಲವನ್ನ ತರೋದು ಅಷ್ಟು ಸುಲಭ ಅಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಒಂದು ಪದ ಬದಲಾದಾಗ

ಕಂದಾಯದ ಲೆಕ್ಕದಲ್ಲಿ ಬೆಳೆ ಬೆಳೆಯೋ ನೆಲ ಒಂದು, ಬೆಳೆಯದ ನೆಲ ಇನ್ನೊಂದು. ಬೆಳೆಯದೇ ಇರೋದಕ್ಕೆ ಇಟ್ಟ ಹೆಸರು ಖರಾಬು, ಅಂದ್ರೆ ಕೆಟ್ಟದ್ದು. ಬಂಡೆ, ಹಳ್ಳ, ದಾರಿ, ಸ್ಮಶಾನದ ಜೊತೆಗೆ ಎಷ್ಟೋ ಹುಲ್ಲಿನ ನೆಲವೂ ಇದೇ ಸಾಲಿಗೆ ಸೇರ್ಕೊಂಡಿತು. ಸ್ವಾತಂತ್ರ್ಯ ಬಂದ ಮೇಲೂ ಇದು ಹೋಗಲಿಲ್ಲ. ಉಪಗ್ರಹದ ಚಿತ್ರ ಇಟ್ಕೊಂಡು ಕೇಂದ್ರ ಸರ್ಕಾರ ತರೋ ಪಾಳುಭೂಮಿ ಅಟ್ಲಾಸ್‌ನಲ್ಲಿ ಕುರುಚಲು ಬಯಲು, ಹುಲ್ಲುಗಾವಲು ಪಾಳುಭೂಮಿಯ ಪಟ್ಟಿಗೇ ಬರುತ್ತವೆ.

ಕೆಟ್ಟದ್ದು ಅಂದ ಮೇಲೆ ಸರಿ ಮಾಡಬೇಕಲ್ಲ? ಒಂದೊಂದು ಕಡೆ ಒಂದೊಂದು ಥರ 'ಸರಿ' ಮಾಡಿದ್ವಿ. 1940ರ ದಶಕದ 'ಹೆಚ್ಚು ಆಹಾರ ಬೆಳೆಯಿರಿ' ಆಂದೋಲನದಿಂದ ಶುರುವಾಗಿ ಕಾವಲುಗಳು ಸಾಗುವಳಿಗೆ ಹೋದವು. ಭೂಮಿಯಿಲ್ಲದವರಿಗೆ ನೆಲ ಸಿಕ್ಕಿತು, ಅದನ್ನ ತಪ್ಪು ಅನ್ನೋಕೆ ನಾನು ಯಾರು? 1979ರಲ್ಲಿ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಮುಗೀತು. ಮುಳುಗಿದ ಊರಿನವರಿಗೆ ಸರ್ಕಾರಿ ಜಮೀನು ಕೊಡಬೇಕಾಯ್ತು. ಹೊಳೆನರಸೀಪುರದ ಕಡೆ ಕಾಲುವೆ ನೀರು ಬಂದು ಬಯಲು ಗದ್ದೆ ಆಯ್ತು. ಅರಕಲಗೂಡಿನಲ್ಲಿ ತಂಬಾಕು ಹದ ಮಾಡೋ ಬ್ಯಾರನ್‌ಗಳ ಒಲೆಗೆ ಸೌದೆ ಬೇಕಾಯ್ತು. ಹಾಸನದ ಸುತ್ತ ಬಡಾವಣೆ, ಕೈಗಾರಿಕಾ ಪ್ರದೇಶ ಬೆಳೆದವು. ನಮ್ಮ ಚನ್ನರಾಯಪಟ್ಟಣದ ಕಡೆ ತೆಂಗು, ಬೋರ್‌ವೆಲ್, ಆಮೇಲೆ ನೀಲಗಿರಿ.

ನಮ್ಮಪ್ಪನ ನೀಲಗಿರಿ

ನೀಲಗಿರಿ ನಮ್ಮ ರಾಜ್ಯಕ್ಕೆ ಹೊಸದಲ್ಲ. ಟಿಪ್ಪು ಕಾಲದಲ್ಲೇ ನಂದಿಬೆಟ್ಟಕ್ಕೆ ಬಂತು ಅಂತಾರೆ. ಹಳ್ಳಿಹಳ್ಳಿಗೂ ಹಬ್ಬಿದ್ದು 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ. ಅದಕ್ಕೆ ವಿಶ್ವಬ್ಯಾಂಕಿನ ಸಾಲ ಇತ್ತು. ಆಗಲೇ ವಿರೋಧವೂ ಬಂತು. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಅದು 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ. ಊರು ದನ ಮೇಯಿಸ್ತಿದ್ದ ನೆಲವನ್ನ ಕಾಗದದ ತಿರುಳಿಗಾಗಿ ಕಂಪನಿಗೆ ಕೊಟ್ಟಿದ್ದೇ ಆ ಜಗಳದ ಮೂಲ.

ನಮ್ಮಪ್ಪನೂ ಎರಡು ಎಕರೆಗೆ ನೀಲಗಿರಿ ಹಾಕಿದ್ರು. ಆಳು ಬೇಡ, ದನ ತಿನ್ನಲ್ಲ, ಐದಾರು ವರ್ಷಕ್ಕೆ ಲಾರಿ ಮನೆ ಬಾಗಿಲಿಗೆ ಬರುತ್ತೆ. ನನ್ನ ಕಾಲೇಜು ಫೀಸು ಕಟ್ಟಿದ್ದು ಆ ಮರಗಳೇ. ಪಕ್ಕದ ಬಾವಿ ಬತ್ತಿದ್ದಕ್ಕೆ ಅವೇ ಕಾರಣವೋ, ಸುತ್ತ ಕೊರೆಸಿದ ಬೋರ್‌ವೆಲ್‌ಗಳು ಕಾರಣವೋ, ಬಿಡಿಸಿ ಹೇಳೋದು ಕಷ್ಟ. ವಿಜ್ಞಾನವೂ ಇಲ್ಲಿ ಹುಷಾರಾಗಿ ಮಾತಾಡುತ್ತೆ. ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ನಮ್ಮ ರಾಜ್ಯದಲ್ಲೇ ಅಳತೆ ಮಾಡಿದ್ದರು. ಬೇರು ಆಳಕ್ಕೆ ಇಳಿಯೋ ಹೊಸಕೋಟೆಯ ಮಣ್ಣಿನಲ್ಲಿ ಮರಗಳು ಬಿದ್ದ ಮಳೆಗಿಂತ ಹೆಚ್ಚು ನೀರು ಹೀರಿದ್ದವು. ಮಣ್ಣು ಆಳವಿಲ್ಲದ ಬೇರೆ ಕಡೆ ಅವು ಕುಡಿದದ್ದು ನಾಡಕಾಡಿನ ಮರಗಳಷ್ಟೇ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧಿಸಿತು.

ನನ್ನದೂ ಒಂದು ಪಾಲಿದೆ. ಶಾಲೆಯಲ್ಲಿದ್ದಾಗ ವನಮಹೋತ್ಸವಕ್ಕೆ ಇದೇ ಬಯಲಿನಲ್ಲಿ ಅಕೇಶಿಯಾ ಸಸಿ ನೆಟ್ಟಿದ್ದೆ. ಅದು ಈಗ ದೊಡ್ಡ ಮರ. ಈ ಸಲ ಹೋಗಿ ಅದರ ಬುಡದಲ್ಲಿ ನಿಂತೆ. ಕೆಳಗೆ ಬರೀ ಒಣ ಎಲೆ, ಒಂದು ಎಸಳು ಹುಲ್ಲಿಲ್ಲ. ಹತ್ತು ಹೆಜ್ಜೆ ಆಚೆ ಬಿಸಿಲಲ್ಲಿ ಕುರಿಗಳು ಮೇಯ್ತಿದ್ದವು.

ವಾಪಸ್ ಬರೋಕೆ ಎಷ್ಟು ಕಾಲ ಬೇಕು?

2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೆಕ್ಕ ಬಂತು: ಜಗತ್ತಿನಲ್ಲಿ ಇನ್ನೂ 90 ಕೋಟಿ ಹೆಕ್ಟೇರ್ ಮರ ಬೆಳೆಸೋಕೆ ಜಾಗ ಇದೆ ಅಂತ. ಅದೇ ವರ್ಷ ಜೋಸೆಫ್ ವೆಲ್ಡ್‌ಮನ್ ಸೇರಿ ಹಲವು ವಿಜ್ಞಾನಿಗಳು ಆಕ್ಷೇಪ ಎತ್ತಿದರು. ನೀವು ಖಾಲಿ ಅಂತ ಎಣಿಸಿದ ಜಾಗದಲ್ಲಿ ಹುಲ್ಲುಗಾವಲುಗಳೂ ಸೇರಿವೆ, ಅವು ಖಾಲಿ ಅಲ್ಲ ಅನ್ನೋದು ಅವರ ವಾದ. ಬೆಂಗಳೂರಿನ ಎನ್‌ಸಿಬಿಎಸ್‌ನ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಕೂಡ ಇಂಥದ್ದೇ ಮಾತು ಹೇಳ್ತಾ ಬಂದಿದ್ದಾರೆ. ಏಷ್ಯಾದಲ್ಲಿ ಹುಲ್ಲು ಮತ್ತು ಚದುರಿದ ಮರಗಳಿರೋ ಎಷ್ಟೋ ನೆಲವನ್ನ ನಾವು 'ಕೆಟ್ಟ ಕಾಡು' ಅಂತ ತಪ್ಪು ತಿಳಿದಿದ್ದೀವಿ, ಅದು ತನ್ನದೇ ಹಳೇ ಚರಿತ್ರೆ ಇರೋ ಬೇರೆ ಥರದ ನೆಲ ಅಂತ.

ನನಗೆ ನಿದ್ದೆ ಕೆಡಿಸಿದ್ದು ಇನ್ನೊಂದು ಅಧ್ಯಯನ. 2020ರಲ್ಲಿ ಅಶೀಶ್ ನೆರ್ಲೇಕರ್ ಮತ್ತು ವೆಲ್ಡ್‌ಮನ್ ಆರು ಖಂಡಗಳ 31 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದರು. ಒಮ್ಮೆ ಉತ್ತೋ, ತೋಪು ಹಾಕಿಯೋ ಹಾಳಾದ ಹಳೇ ಹುಲ್ಲುಗಾವಲಿಗೆ ಮೊದಲಿದ್ದಷ್ಟು ಬಗೆಯ ಗಿಡಗಳು ವಾಪಸ್ ಬರೋಕೆ ಕನಿಷ್ಠ ನೂರು ವರ್ಷ ಬೇಕು, ಎಷ್ಟೋ ಸಲ ಸಾವಿರಾರು ವರ್ಷ. ಯಾಕೆ ಅಂದ್ರೆ ಹಳೇ ಹುಲ್ಲಿನ ಜೀವ ಇರೋದು ನೆಲದ ಕೆಳಗೆ. ವರ್ಷಾನುಗಟ್ಟಲೆ ಬದುಕೋ ಬೇರು, ಗೆಡ್ಡೆ ಅಲ್ಲಿರುತ್ತವೆ. ಬೆಂಕಿ ಬಿದ್ದರೂ, ಬರ ಬಂದರೂ, ಕುರಿ ಮೇಯ್ದರೂ ಮಳೆ ಹನಿದ ಕೂಡಲೇ ಚಿಗುರೋದು ಅದರಿಂದಲೇ. ಗುಂಡಿ ತೋಡಿದರೆ, ನೇಗಿಲು ಹಾಯಿಸಿದರೆ ಕೀಳೋದು ಅದನ್ನೇ.

ಅಂದ್ರೆ ಕೆಟ್ಟ ಹುಲ್ಲುಗಾವಲು ಸರಿ ಮಾಡೋದಕ್ಕಿಂತ, ಇರೋದನ್ನ ಕೆಡಿಸದೇ ಇರೋದು ದೊಡ್ಡ ಕೆಲಸ. ನಮ್ಮ ಅರಸೀಕೆರೆಯ ಪಕ್ಕದ ಕಡೂರಿನಲ್ಲಿ ಇದಕ್ಕೊಂದು ಉದಾಹರಣೆ ಇದೆ. ಅಲ್ಲಿನ ಬಾಸೂರು ಅಮೃತಮಹಲ್ ಕಾವಲನ್ನ 2011ರಲ್ಲಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ಕೃಷ್ಣಮೃಗಗಳಿಗೆ ಅಲ್ಲಿ ಇನ್ನೂ ಓಡೋಕೆ ಬಯಲಿದೆ.

ಗ್ರೂಪಿನಲ್ಲಿ ಏನಾಯ್ತು

ಇದನ್ನೆಲ್ಲ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಜಗಳ ಆಯ್ತು. "ಗಿಡ ನೆಡೋಕೂ ಅಡ್ಡಗಾಲು ಹಾಕ್ತೀಯಲ್ಲೋ" ಅಂತ ಇಬ್ಬರು ಗ್ರೂಪ್ ಬಿಟ್ಟು ಹೋದರು. ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ಸಸಿ ನೆಟ್ಟರೆ ಫೋಟೋ ಇರುತ್ತೆ. ಹುಲ್ಲು ಬಿಟ್ಟರೆ ಏನು ತೋರಿಸೋದು?

ಕೊನೆಗೆ ಹೀಗೆ ಮಾಡಿದ್ವಿ. ಹೊಂಗೆ, ಬೇವು, ಹಿಪ್ಪೆ ಸಸಿಗಳು ರಸ್ತೆ ಬದಿಗೆ ಮತ್ತು ಹೊಲದ ಬದುಗಳಿಗೆ ಹೋದವು. ಬದುವಿನ ಹೊಂಗೆ ನಮ್ಮ ಕಡೆ ಹೊಸ ವಿಚಾರ ಏನಲ್ಲ. ಹಾಸನದ ಹತ್ತಿರ ಮಡೆನೂರಿನ ಜೈವಿಕ ಇಂಧನ ಉದ್ಯಾನದವರು ರೈತರಿಗೆ ಹೇಳ್ತಾ ಬಂದಿರೋದೂ ಅದನ್ನೇ. ಬಯಲಿನಲ್ಲಿ ಗುಂಡಿ ತೆಗೆಯಲಿಲ್ಲ. ಅಂಚಿನಲ್ಲಿ ಹಬ್ಬಿದ್ದ ಲಂಟಾನ ಬೇರುಸಮೇತ ಕಿತ್ತ್ವಿ. ಬರಿದಾದ ಆ ಪಟ್ಟಿಗೆ ಪಕ್ಕದಲ್ಲೇ ಬಲಿತ ಹುಲ್ಲಿನ ಬೀಜ ತಂದು ಮೊದಲ ಮಳೆಗೆ ಚೆಲ್ಲಿದ್ವಿ. ಮಾವನ ಜೊತೆ ಒಂದು ಒಪ್ಪಂದ ಆಯ್ತು: ಆ ಪಟ್ಟಿಗೆ ಎರಡು ಮಳೆಗಾಲ ಕುರಿ ಬಿಡೋ ಹಾಗಿಲ್ಲ, ಉಳಿದ ಬಯಲು ಮೊದಲಿನ ಹಾಗೇ ಅವರದು.

ಬೀಜ ಆರಿಸಿ ಬಂದ ದಿನ ನನ್ನ ಪ್ಯಾಂಟಿಗೆಲ್ಲ ಮುಳ್ಳಿನಂಥ ಬೀಜ ಚುಚ್ಚಿಕೊಂಡಿತ್ತು. ಅದರ ಬಾಲ ಒದ್ದೆಯಾದರೆ ಸುರುಳಿ ಬಿಚ್ಚಿ ತಿರುಗುತ್ತೆ, ಬೀಜ ಸ್ಕ್ರೂ ಥರ ಮಣ್ಣಿಗೆ ಇಳಿಯುತ್ತೆ. ತನ್ನನ್ನ ತಾನೇ ನೆಟ್ಟುಕೊಳ್ಳುತ್ತೆ. ಅಜ್ಜಿ ಜಗಲಿ ಮೇಲೆ ಕೂತು ಒಂದೊಂದಾಗಿ ಕಿತ್ತು, ಸೊಂಟದ ಸೆರಗಿಗೆ ಹಾಕ್ಕೊಂಡ್ಲು.

"ಎಸೀಬೇಡ, ನಾಳೆ ಕಾವಲಿಗೆ ಹಾಕು" ಅಂದ್ಲು.

ನಿಮ್ಮೂರಿನ ಪಹಣಿಯಲ್ಲಿ ಖರಾಬು ಅಂತ ಇರೋ ಜಾಗಕ್ಕೆ ನಿಮ್ಮ ಅಜ್ಜಿ, ತಾತ ಏನಂತಿದ್ದರು? ಈ ವಾರ ಫೋನ್ ಮಾಡಿ ಕೇಳಿ, ನಮಗೂ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.