ಆತಕೂರಿನ ಕಾಳಿಯೂ ಶ್ವಾನದ ಪಿತ್ತಕೋಶವೂ

ಕನ್ನಡ ನಾಡಿನಲ್ಲಿ ನಾಯಿಯೊಂದರ ನೆನಪಿಗೆ ನಿಲ್ಲಿಸಿದ ಕಲ್ಲುಂಟು. ಮಂಡ್ಯ ಜಿಲ್ಲೆಯ ಆತಕೂರಿನ ಆ ಶಾಸನದ ಕಾಲ ಶಕ 872, ಎಂದರೆ ಕ್ರಿ. ಶ. 949-50. ತಕ್ಕೋಲದ ಕಾಳಗದಲ್ಲಿ ಹೆಸರಾದ ಮಣಲೇರನು, ಒಡೆಯನು ಮೆಚ್ಚಿ ಬೇಡೆಂದಾಗ, ಕೇಳಿದುದು ಕಾಳಿಯೆಂಬ ಬೇಟೆನಾಯಿಯನ್ನು. ಕಾಳಿಯು ಕಾಡುಹಂದಿಯೊಡನೆ ಹೋರಾಡಲು ಎರಡೂ ಮಡಿದುವು. ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿಯನ್ನೂ ಬಿಡಲಾಯಿತು.

ಗಾಯಗೊಂಡ ನಾಯಿಗೆ ಇಷ್ಟು ಗೌರವ ಸಂದಿತು. ರೋಗಗೊಂಡ ನಾಯಿಯ ಗತಿಯೇನು? ಆರನೆಯ ವಿಕ್ರಮಾದಿತ್ಯನ ಸೋದರ ಕೀರ್ತಿವರ್ಮನು ಸುಮಾರು 1125ರಲ್ಲಿ ಕನ್ನಡದಲ್ಲಿ ‘ಗೋವೈದ್ಯ’ವನ್ನು ರಚಿಸಿದನು. ಆ ಕಾಲದಲ್ಲಿ ಕಲ್ಯಾಣದ ಅಧಿಕಾರವು ವೆಂಗಿಯವರೆಗೂ ಹಬ್ಬಿತ್ತೆಂಬುದಕ್ಕೆ ದ್ರಾಕ್ಷಾರಾಮದಲ್ಲಿನ ಚಾಲುಕ್ಯ ವಿಕ್ರಮ ಶಕದ ಶಾಸನಗಳೇ ಸಾಕ್ಷಿ. ಆಂಧ್ರದ ಕನ್ನಡಿಗರಿಗೆ ಇದು ಹೊರಗಿನ ಕಥೆಯಲ್ಲ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಬೇಟೆನಾಯಿಗಳ ವಿಚಾರಕ್ಕೂ ಸ್ಥಾನವುಂಟು. ಮುಂದೆ ಅಭಿನವಚಂದ್ರನು ಕನ್ನಡದಲ್ಲಿ ಅಶ್ವವೈದ್ಯವನ್ನು ಬರೆದನು. ಹಸು ಒಕ್ಕಲಿನ ಬಂಡವಾಳ, ಕುದುರೆ ಸೈನ್ಯದ ಬಂಡವಾಳ. ಶಾಸ್ತ್ರವು ಸಂಪತ್ತಿನ ಹಿಂದೆ ನಡೆದುದು ಸಹಜ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಪ್ರಾಚೀನ ವೈದ್ಯಗ್ರಂಥಗಳಲ್ಲಿ ‘ಪಿತ್ತ’ವೆಂಬ ಮಾತು ಕಂಡೊಡನೆ, ನಮ್ಮ ಪೂರ್ವಿಕರು ಪಿತ್ತಕೋಶದ ರೋಗಗಳನ್ನು ಅರಿತಿದ್ದರೆಂದು ಹೆಮ್ಮೆಪಡುವವರುಂಟು. ಅಲ್ಲಿ ಪಿತ್ತವು ತ್ರಿದೋಷಗಳಲ್ಲೊಂದು, ಅಂಗವಿಶೇಷದ ವ್ಯಾಧಿಯಲ್ಲ. ದನದ ಪಿತ್ತಕೋಶದ ಕಲ್ಲಾದ ಗೋರೋಚನವನ್ನು ಅವರು ಬಲ್ಲರು. ಆದರೆ ಅದು ಅವರಿಗೆ ಔಷಧ, ರೋಗಲಕ್ಷಣವಲ್ಲ.

ಜೀವಂತ ನಾಯಿಯ ಪಿತ್ತಕೋಶವನ್ನು ನೋಡುವುದು ಸುಲಭಸಾಧ್ಯವಾದುದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಅಲ್ಟ್ರಾಸೌಂಡ್ ಬಳಕೆಗೆ ಬಂದ ಮೇಲೆ. ನಾಯಿಗಳಲ್ಲಿ ಪಿತ್ತಕಲ್ಲು ವಿರಳ. ಹೆಚ್ಚು ಭಯಂಕರವಾದುದು ಮ್ಯುಕೋಸೀಲ್. ಕೋಶದೊಳಗೆ ಲೋಳೆ ಗಟ್ಟಿಯಾಗಿ ತುಂಬುತ್ತದೆ; ಕೋಶ ಒಡೆದರೆ ಪ್ರಾಣಾಪಾಯ. ವಾಂತಿ, ಅನ್ನದ್ವೇಷ, ಹೊಟ್ಟೆನೋವು, ಕಣ್ಣು ಒಸಡುಗಳ ಹಳದಿಬಣ್ಣ ಇದರ ಸೂಚನೆಗಳು. ಕೆಲವೊಮ್ಮೆ ಸೂಚನೆಯೇ ಇರದು. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಕಿಣ್ವಗಳು ಏರಿರುತ್ತವೆ. ಥೈರಾಯ್ಡ್ ಕೊರತೆ, ಕುಷಿಂಗ್ ರೋಗಗಳೊಡನೆ ಇದಕ್ಕೆ ಸಂಬಂಧ ಕಂಡಿದೆ. ರೋಗ ಆರಂಭದಲ್ಲಿದ್ದರೆ ಅರ್ಸೊಡಿಆಕ್ಸಿಕೋಲಿಕ್ ಆಮ್ಲವನ್ನೂ ಕೊಬ್ಬು ಕಡಿಮೆಯಾದ ಆಹಾರವನ್ನೂ ಕೊಟ್ಟು ನೋಡುವರು. ಪಿತ್ತನಾಳ ಪೂರ್ತಿ ಮುಚ್ಚಿದ್ದರೆ ಆ ಔಷಧ ಸಲ್ಲದು, ಶಸ್ತ್ರಚಿಕಿತ್ಸೆಯೇ ಗತಿ. ಕೋಶ ಒಡೆಯುವ ಮೊದಲೇ ಅದನ್ನು ತೆಗೆದರೆ ಬದುಕುವ ಸಂಭವ ಹೆಚ್ಚು.

ಈ ಜ್ಞಾನವನ್ನು ಹಳೆಯ ಓಲೆಗಳಲ್ಲಿ ಹುಡುಕುವುದರಿಂದ ಓಲೆಗಳ ಗೌರವ ಹೆಚ್ಚದು. ಹಳದಿಗಣ್ಣಿನ ನಾಯಿಗೆ ಮನೆಮದ್ದಿನಲ್ಲೇ ಕಾಲ ಕಳೆದುಹೋದೀತು. ಆತಕೂರಿನ ಕಲ್ಲು ಸಾರುವುದು ಅಕ್ಕರೆಯನ್ನು. ರೋಗನಿದಾನವನ್ನು ಇಂದಿನ ಪಶುವೈದ್ಯನಿಂದಲೇ ಪಡೆಯಬೇಕು.